ನೇಗಿಲ ಗುರುತಿನ ಸಹಿ

ನಮ್ಮಮ್ಮ ಗದಗಿನ ಸಂತೆಗೆ ಹೊರಟಾಗೆಲ್ಲ, ಊರು ದಾಟಿ ಎರಡನೇ ತಿರುವು ಬಂದ ಕೂಡಲೇ ಬಸ್ಸಿನ ಕಿಟಕಿಯಿಂದ ಬಲಕ್ಕೆ ಕೈ ಮಾಡಿ ತೋರಿಸುತ್ತಿದ್ದಳು. "ಅಗಾ ನೋಡು, ಆ ಬನ್ನಿಗಿಡದ ಹೊಲ ನಮ್ದು." ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ತಾಯಿಗೆ ಅವ್ವ. ಆ ಹೊಲವನ್ನು ಅಮ್ಮ ಒಂದು ದಿನವೂ ಹರಗಿದವಳಲ್ಲ. ಅವಳ ಅತ್ತೆಯೂ ಅಲ್ಲ. ಅತ್ತೆಯ ಬಾಯಿಂದ ಕೇಳಿದ್ದನ್ನು ಅವಳು ನನಗೆ ಹೇಳುತ್ತಿದ್ದಳು, ಅಷ್ಟೆ. ನಮ್ಮ ಕೈತಪ್ಪಿ ನೂರು ವರ್ಷವೇ ಮೀರಿದ್ದ ಹೊಲ ಅದು.

"ಯಾಕ ಹೋತಮ್ಮಾ ಮತ್ತ?" ಅಂದರೆ ಅವಳ ಉತ್ತರ ಯಾವತ್ತೂ ಒಂದೇ. "ಹಿರ್ಯಾರು ಸಾಲಾ ಮಾಡಿದ್ರಪಾ. ಮದಿವಿ-ಮುಂಜಿವಿ ಜೋರ ಮಾಡಿರಬೇಕು." ಹೇಳುವಾಗ ದನಿ ಇಳಿಯುತ್ತಿತ್ತು. ತಾನು ಮಾಡದ ತಪ್ಪಿಗೆ ತಾನು ತಲೆ ತಗ್ಗಿಸಿದಂತೆ.

ಅಮ್ಮ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅಟ್ಟದ ಟ್ರಂಕಿನಲ್ಲಿ ಕೆಂಪು ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಮಡಿಚಿಟ್ಟ ಮೂರು ಛಾಪಾ ಕಾಗದ. ಅಕ್ಷರ ಮೋಡಿ ಲಿಪಿಯವು. ಲೇಖನಿ ಎತ್ತದೆ ಬರೆದ ಸಾಲುಗಳು. ಪೇಶ್ವೆಯರ ಕಾಲಕ್ಕೂ ಮುಂಚಿನಿಂದ ಮರಾಠಿಗೆ ಬಳಸುತ್ತಿದ್ದ ಬರವಣಿಗೆ ಅದು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಥ ಗಂಟುಗಳಿವೆ. ಕನ್ನಡ ಬಿಟ್ಟು ಬೇರೆ ಮಾತೇ ಆಡದ ಮನೆಗಳಲ್ಲಿ ಮರಾಠಿಯ ಮೋಡಿ ಕಾಗದ. ನಮ್ಮಜ್ಜನಿಗೆ ಅದು ಓದಲು ಬರುತ್ತಿರಲಿಲ್ಲ. ಅವನ ಅಜ್ಜ, ಅಂದರೆ ಆ ಕಾಗದಕ್ಕೆ ಗುರುತು ಹಾಕಿದವನು, ಯಾವ ಅಕ್ಷರವನ್ನೂ ಓದಿದವನಲ್ಲ.

ಧಾರವಾಡದಲ್ಲಿ ಮೋಡಿ ಓದಬಲ್ಲ ಹಿರಿಯರೊಬ್ಬರು ಸಿಕ್ಕರು. ಕನ್ನಡಕ ಏರಿಸಿ, ಮೊದಲನೇ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕರ್ಜರೋಖಾ ಐತಿ ಇದು. ಸಾಲದ ಪತ್ರ" ಅಂದರು. 1867ನೇ ಇಸ್ವಿ. ಎತ್ತು ಕೊಳ್ಳಲಿಕ್ಕೆ ಮತ್ತು ಸರಕಾರದ ಕಂದಾಯದ ಕಿಸ್ತು ಕಟ್ಟಲಿಕ್ಕೆ 60 ರೂಪಾಯಿ. ಬಡ್ಡಿ ಶೇಕಡಾ ದರಮಹಾ 2 ರೂಪಾಯಿ. ಎರಡನೇ ಕಾಗದ 1870ರದು, 103 ರೂಪಾಯಿ 3 ಆಣೆ. ಮೂರನೆಯದು 1873ರದು, 177 ರೂಪಾಯಿ 7 ಆಣೆ. ಅದರಲ್ಲಿ ಹೊಲದ ಸರ್ವೇ ನಂಬರೂ ಇತ್ತು. ಬನ್ನಿಗಿಡದ ಹೊಲ ಗಹಾಣ, ಅಂದರೆ ಒತ್ತೆ.

ಅಲ್ಲೇ ಕೂತು ಪೆನ್ನು ತೆಗೆದು ಲೆಕ್ಕ ಹಾಕಿದೆ. 60 ರೂಪಾಯಿಗೆ ತಿಂಗಳಿಗೆ ನೂರಕ್ಕೆ ಎರಡರಂತೆ ಮೂರು ವರ್ಷದ ಬಡ್ಡಿ 43 ರೂಪಾಯಿ 3 ಆಣೆ. ಕೂಡಿದರೆ 103 ರೂಪಾಯಿ 3 ಆಣೆ. ಅದಕ್ಕೆ ಮತ್ತೆ ಮೂರು ವರ್ಷದ ಬಡ್ಡಿ ಕೂಡಿಸಿದರೆ 177 ರೂಪಾಯಿ 7 ಆಣೆ. ಆರು ವರ್ಷದಲ್ಲಿ ಹೊಸದಾಗಿ ಒಂದು ಪೈ ಕೈಗೆ ಬಂದಿದ್ದಿಲ್ಲ. ಮದುವೆಯೂ ಇಲ್ಲ, ಮುಂಜಿವೆಯೂ ಇಲ್ಲ. ಒಂದು ಜೋಡಿ ಎತ್ತು ಮತ್ತು ಒಂದು ಕಿಸ್ತು.

ಮೂರು ವರ್ಷ, ಮೂರು ವರ್ಷ ಅಂತ ಯಾಕೆ ಬರೆಸಿದರು ಅನ್ನುವುದು ಆಮೇಲೆ ತಿಳಿಯಿತು. ಅಲ್ಲಿಂದ ನನ್ನ ಓದು ಶುರುವಾಯಿತು.

1859ರಲ್ಲಿ ಸರಕಾರ ಸಾಲದ ದಾವೆಗಳಿಗೊಂದು ಗಡುವಿನ ಕಾಯದೆ ತಂದಿತು. ನೋಂದಣಿ ಇಲ್ಲದ ಪತ್ರದ ಮೇಲೆ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ತಪ್ಪಿದರೆ ಪತ್ರ ಸತ್ತಂತೆ. ಅಜ್ಜನ ಕಾಲದ ಸಾಲ ಮೊಮ್ಮಗನ ಕುತ್ತಿಗೆಗೆ ಬೀಳದಿರಲಿ ಅನ್ನುವ ಸದುದ್ದೇಶ ಅದರ ಹಿಂದೆ ಇತ್ತು. ಆದದ್ದು ಬೇರೆ. ಮೂರು ವರ್ಷ ತುಂಬುವ ಹೊತ್ತಿಗೆ ಸಾವಕಾರ ಮನೆ ಬಾಗಿಲಿಗೆ ಬರುತ್ತಿದ್ದ. ಕೋರ್ಟಿಗೆ ಹೋಗಲೋ, ಹೊಸ ಪತ್ರ ಬರೆದುಕೊಡುತ್ತೀಯೋ? ರೈತ ಹೊಸ ಪತ್ರಕ್ಕೆ ಒಪ್ಪುತ್ತಿದ್ದ. ಆ ಗಳಿಗೆಯಲ್ಲಿ ಬಡ್ಡಿಯೆಲ್ಲ ಅಸಲಾಗಿ ಬಿಡುತ್ತಿತ್ತು.

ನಮ್ಮ ಹಳೇ ಧರ್ಮಶಾಸ್ತ್ರದಲ್ಲಿ ಇದಕ್ಕೆ ಒಂದು ತಡೆ ಇತ್ತು. ದಾಮದುಪ್ಪಟ ಅನ್ನುತ್ತಾರೆ. ಬಡ್ಡಿ ಎಷ್ಟೇ ಬೆಳೆದರೂ ಅಸಲನ್ನು ಮೀರಬಾರದು, ಅಂದರೆ ಕೊಟ್ಟದ್ದರ ಎರಡು ಪಟ್ಟಿಗಿಂತ ಹೆಚ್ಚು ಒಮ್ಮೆಗೆ ಕೇಳಬಾರದು. ಮುಂಬೈ ಪ್ರಾಂತ್ಯದ ಕೋರ್ಟುಗಳೂ ಹಿಂದೂಗಳ ವ್ಯವಹಾರದಲ್ಲಿ ಇದನ್ನು ಮಾನ್ಯ ಮಾಡುತ್ತಿದ್ದವು. ಹಾಗೆ ನೋಡಿದರೆ ನಮ್ಮ ಹಿರಿಯನ 60 ರೂಪಾಯಿ ಸಾಲ 120ಕ್ಕೆ ನಿಲ್ಲಬೇಕಿತ್ತು. ಆದರೆ ಪ್ರತಿ ಮೂರು ವರ್ಷಕ್ಕೆ ಅಸಲೇ ಹೊಸದಾಗಿ ಹುಟ್ಟುತ್ತಿದ್ದರೆ ದುಪ್ಪಟ್ಟು ಯಾವುದರ ದುಪ್ಪಟ್ಟು? ಬಡ್ಡಿ ದರಕ್ಕೆ ಮಿತಿ ಹಾಕುತ್ತಿದ್ದ ಸರಕಾರಿ ಕಾಯದೆಗಳನ್ನಂತೂ 1855ರಲ್ಲೇ ತೆಗೆದುಹಾಕಿದ್ದರು. ರೈತನನ್ನು ಕಾಯುವ ಗಡುವು ರೈತನನ್ನೇ ಕಟ್ಟುವ ಹಗ್ಗವಾಯಿತು.

ಇನ್ನು ಹೊಲ ಸಾಲದ ಕಾಗದದೊಳಗೆ ಹೇಗೆ ಬಂತು? 1818ರಲ್ಲಿ ಪೇಶ್ವೆಯರು ಸೋತು ಈ ಸೀಮೆ ಕಂಪನಿಯ ಕೈಗೆ ಬಂತು. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಸರ್ವೇ ನಡೆಯಿತು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಅನ್ನುವ ಅಧಿಕಾರಿಗಳು ರೂಪಿಸಿದ ಪದ್ಧತಿ, 1847ರ ವರದಿಯಲ್ಲಿ ಅದರ ನಿಯಮಗಳಿವೆ. ಆ ನಿಯಮ ಓದಿದಾಗ ನನಗೆ ನಿಜವಾಗಿಯೂ ಬೆರಗಾಯಿತು. ಹೊಲದ ಮಣ್ಣಿನ ಆಳ ಅಳೆಯುತ್ತಿದ್ದರು. ಮಣ್ಣಿನ ಬಣ್ಣ, ನಯ ನೋಡಿ ಮೂರು ತರಗತಿ ಮಾಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಕರಿ ಎರೆಗೆ ಪೂರ್ತಿ 16 ಆಣೆ ಮೌಲ್ಯ, ಅಲ್ಲಿಂದ ಇಳಿಯುತ್ತ 2 ಆಣೆಯವರೆಗೆ ಒಟ್ಟು ಒಂಬತ್ತು ಮೆಟ್ಟಿಲು. ಮಣ್ಣಿನಲ್ಲಿ ಸುಣ್ಣದ ಹರಳು ಇದ್ದರೆ ಒಂದು ಮೆಟ್ಟಿಲು ಕಡಿಮೆ. ಹೊಲ ಇಳಿಜಾರಿದ್ದರೆ ಇನ್ನೊಂದು ಕಡಿಮೆ. ಹಿಂದಿನ ವಿಪರೀತ ದರಗಳನ್ನು ಹಲವು ಕಡೆ ಇಳಿಸಿದ್ದೂ ಇದೇ ಸರ್ವೇ. ಕಂದಾಯವನ್ನು 30 ವರ್ಷಕ್ಕೆ ಗಟ್ಟಿ ಮಾಡಿದರು. ನೆಲದ ಬಗ್ಗೆ ಇಷ್ಟು ಕಾಳಜಿಯಿಂದ ನೋಡಿದವರು ಮುಗಿಲಿನ ಕಡೆ ನೋಡಲಿಲ್ಲ ಅನ್ನುವುದೇ ನನ್ನ ದುಃಖ.

ಯಾಕೆಂದರೆ ಮಳೆ ಬಂದರೂ ಬಿಟ್ಟರೂ ಕಂದಾಯ ಅಷ್ಟೇ, ಅದೂ ರೊಕ್ಕದಲ್ಲೇ, ಅದೂ ಗೊತ್ತು ಮಾಡಿದ ತಾರೀಖಿನೊಳಗೇ. ಕಿಸ್ತಿನ ತಾರೀಖು ಕಚೇರಿಯ ಗೋಡೆಯ ಮೇಲಿತ್ತು. ಹತ್ತಿಯ ತಾರೀಖು ಮಳೆಯ ಕೈಯಲ್ಲಿತ್ತು. ನಮ್ಮ ಎರೆಯಲ್ಲಿ ಶ್ರಾವಣ ಭಾದ್ರಪದದಲ್ಲಿ ಬಿತ್ತಿದ ಹತ್ತಿ ಬಿಡಿಸಲಿಕ್ಕೆ ಬರುವುದು ಶಿವರಾತ್ರಿಯ ಸುತ್ತಮುತ್ತ. ಮಳೆ ತಡವಾಗಿ ಬಿತ್ತನೆ ತಡವಾದ ವರ್ಷ ಕಾಯಿ ಒಡೆಯುವುದೂ ತಡ. ಕಿಸ್ತು ಮಾತ್ರ ತಡವಾಗುವಂತಿಲ್ಲ. ಹೊಲದಲ್ಲಿ ಕಾಯಿ ಹಸಿರಾಗಿರುವಾಗಲೇ ಸಾವಕಾರನಿಂದ ರೊಕ್ಕ ತಂದು ಕುಲಕರ್ಣಿಗೆ ಕಟ್ಟಬೇಕು. ಆ ರೊಕ್ಕಕ್ಕೆ ಬದಲಾಗಿ ನಿಂತ ಬೆಳೆಯ ಮೇಲೆ ಮಾತು ಕೊಡಬೇಕು. ಬಿಡಿಸಿದ ಹತ್ತಿ ನೆಟ್ಟಗೆ ಅವನ ಅಂಗಳಕ್ಕೆ, ಅವನು ಹೇಳಿದ ಧಾರಣೆಗೆ.

ಸರ್ವೇಯಿಂದ ಇನ್ನೊಂದಾಯಿತು. ಕಂದಾಯ ಕಟ್ಟುವವನ ಹೆಸರಿಗೆ ಖಾತೆ ಬಂತು, ಖಾತೆಯನ್ನು ಮಾರಬಹುದು, ಒತ್ತೆ ಇಡಬಹುದು ಅಂತಾಯಿತು. ಹಕ್ಕು ಸಿಕ್ಕಿದ್ದು ದೊಡ್ಡ ಮಾತೇ. ಆದರೆ ಅದಕ್ಕೂ ಮುಂಚೆ ಸಾವಕಾರ ಸಾಲ ಕೊಡುವಾಗ ನೋಡುತ್ತಿದ್ದದ್ದು ಆಸಾಮಿಯನ್ನು, ಅವನ ಬೆಳೆಯನ್ನು. ಈಗ ಕಣ್ಣು ಹೊಲದ ಮೇಲೆ ಬಿತ್ತು. ಹಿಂದೆ ಗೌಡ, ಪಂಚರ ಮುಂದೆ ಕೂತು ಹೊಂದಿಸಿಕೊಳ್ಳುತ್ತಿದ್ದ ಸಾಲ ಈಗ ದೂರದ ಕೋರ್ಟಿಗೆ ಹೋಯಿತು. ಸಮನ್ಸು ಬಂದರೂ ರೈತ ಹೋಗುತ್ತಿದ್ದಿಲ್ಲ. ಹೋಗಲಿಕ್ಕೆ ದಾರಿಖರ್ಚಿಲ್ಲ, ಹೋದರೆ ಏನು ಹೇಳಬೇಕೋ ಗೊತ್ತಿಲ್ಲ, ಕಾಗದದಲ್ಲಿ ಏನಿದೆಯೋ ಅದೂ ಗೊತ್ತಿಲ್ಲ. ಎದುರಿಗೆ ಯಾರೂ ನಿಲ್ಲದ ದಾವೆಯಲ್ಲಿ ತೀರ್ಪು ಕಾಗದದ ಪರವಾಗಿಯೇ ಆಗುತ್ತಿತ್ತು.

ಸಾವಕಾರ ಅಂದ ಕೂಡಲೇ ಎಲ್ಲಿಂದಲೋ ಬಂದ ಪರಕೀಯನ ಚಿತ್ರ ಕಣ್ಣಮುಂದೆ ತಂದುಕೊಳ್ಳುವುದು ಸುಲಭ. ನಮ್ಮ ಕಡೆ ಅದು ಪೂರ್ತಿ ನಿಜವಲ್ಲ. ಪುಣೆ, ಅಹಮದನಗರದ ಕಡೆ ಮಾರವಾಡಿ, ಗುಜರಾತಿ ಸಾವಕಾರರು ಹೆಚ್ಚಿದ್ದರು. ಇಲ್ಲಿ ಸಾಲ ಕೊಟ್ಟವರಲ್ಲಿ ಬಹಳ ಮಂದಿ ನಮ್ಮ ಊರಿನವರೇ, ನಮ್ಮ ಓಣಿಯವರೇ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಒಟ್ಟಿಗೆ ಕೈ ಹಚ್ಚುವವರು. ನಮ್ಮ ಕಾಗದದಲ್ಲಿರುವ ಸಾವಕಾರನ ಮನೆತನದ ಹೆಸರು ನನಗೆ ಚೆನ್ನಾಗಿ ಗೊತ್ತು. ಬರೆಯುವುದಿಲ್ಲ. ಅವರ ಮನೆಯಲ್ಲಿ ನಾನು ಉಂಡಿದ್ದೇನೆ.

ಹತ್ತಿಯ ಕಥೆ ಹೇಳದೆ ಈ ಸಾಲದ ಕಥೆ ತಿಳಿಯುವುದಿಲ್ಲ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ತೋಟಗಾರರನ್ನು ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಹಾಕಿಸಿತು. ತೋಟಗಾರರು ಹೋದರು, ಬೀಜ ಉಳಿಯಿತು. ಜನ ಅದನ್ನು ವಿಲಾಯತಿ ಹತ್ತಿ ಅಂದರು, ಪೇಟೆಯಲ್ಲಿ ಅದು 'ಧಾರವಾಡ ಅಮೆರಿಕನ್' ಆಯಿತು. ನಮ್ಮ ಜವಾರಿ ಹತ್ತಿಗೆ ಪೇಟೆಯ ಹೆಸರು 'ಕುಮಟಾ', ಯಾಕೆಂದರೆ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಅದು ಮುಂಬೈಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಲ್ಯಾಂಕಾಷೈರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಆ ಹಪಾಹಪಿ ಎಷ್ಟಿತ್ತೆಂದರೆ, ಹತ್ತಿ ಸಾಗಿಸುವ ಬಂದರೂ ಹತ್ತಿ ಬೆಳೆಯುವ ಜಿಲ್ಲೆಯೂ ಒಂದೇ ಆಡಳಿತದಲ್ಲಿರಲಿ ಅಂತ 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸು ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರಣೆ ಹಲವು ಪಟ್ಟು ಏರಿತು. ನಾಲ್ಕು ವರ್ಷ ನಮ್ಮ ಎರೆಯ ಊರುಗಳು ಎಂದೂ ಕಾಣದ ರೊಕ್ಕ ಕಂಡವು. ಸಾವಕಾರರು ಕೇಳಿದವರಿಗೆಲ್ಲ ಸಾಲ ಕೊಟ್ಟರು.

1865ರಲ್ಲಿ ಯುದ್ಧ ಮುಗಿಯಿತು. ಧಾರಣೆ ಕುಸಿಯಿತು. ನಮ್ಮ ಹಿರಿಯನ ಮೊದಲನೇ ಪತ್ರ 1867ರದು ಅನ್ನುವುದನ್ನು ನೆನಪಿಡಿ. ಕುಸುಗಲ್ಲಿನ ಹೊಲದಲ್ಲಿ ನಿಂತ ಯಾವ ರೈತನಿಗೂ ವರ್ಜೀನಿಯಾದಲ್ಲಿ ತುಪಾಕಿ ಕೆಳಗಿಟ್ಟ ಸುದ್ದಿ ಮುಟ್ಟಿರಲಿಕ್ಕಿಲ್ಲ. ಅದರ ಬೆಲೆ ಮಾತ್ರ ಮುಟ್ಟಿತು.

ಹತ್ತಿ ಹೆಚ್ಚಾದಂತೆ ಜೋಳ ಕಡಿಮೆಯಾಯಿತು. ಇಲ್ಲಿ ಹಗೇವಿನ ಬಗ್ಗೆ ಹೇಳಲೇಬೇಕು. ನಮ್ಮ ಹಳೇ ಮನೆಯ ಮುಂದೆ ಈಗಲೂ ಒಂದಿದೆ, ಬಾಯಿಗೆ ಹಾಸುಗಲ್ಲು ಮುಚ್ಚಿ. ಗಟ್ಟಿ ನೆಲದಲ್ಲಿ ಹೂಜಿಯ ಆಕಾರದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಒಣ ಹುಲ್ಲು ಹೊಟ್ಟು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿದ್ದಿಲ್ಲ. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಹಗೇವಿನ ಜೋಳದ ರೊಟ್ಟಿಗೆ ಒಂದು ನಮೂನಿ ಹುಳಸು ವಾಸನೆ ಇರುತ್ತಿತ್ತಂತೆ, ಅಮ್ಮ ಹೇಳುತ್ತಿದ್ದಳು. "ಆ ವಾಸನಿ ಬಂದ್ರ ಮನ್ಯಾಗ ಧೈರ್ಯ ಇರ್ತಿತ್ತು."

ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕಾಯುತ್ತಿತ್ತು. ಸುಗ್ಗಿಯ ಜೋಳ ಹಗೇವಿಗೆ ಇಳಿಯುವ ಬದಲು ಸಾಲದ ಬಾಬತ್ತಿಗೆ ಸಾವಕಾರನ ಕಣಜಕ್ಕೆ ಹೋದರೆ, ಇಲ್ಲವೇ ಜೋಳದ ಜಾಗದಲ್ಲಿ ಹತ್ತಿ ನಿಂತರೆ, ಹಗೇವಿನಲ್ಲಿ ಉಳಿಯುವುದು ಕೆಟ್ಟ ಗಾಳಿ ಮಾತ್ರ.

1876ರಲ್ಲಿ ಮಳೆ ಹೋಯಿತು. ನಮ್ಮ ಹಿರಿಯನ ಮೂರನೇ ಪತ್ರದ ಮೂರು ವರ್ಷ ತುಂಬಿದ್ದೂ ಅದೇ 1876ರಲ್ಲಿ. ಧಾತು ಸಂವತ್ಸರ ಅದು, ಮರುವರ್ಷ ಈಶ್ವರ. ಅದಕ್ಕೇ ಕರ್ನಾಟಕದಲ್ಲಿ ಅದನ್ನು ಧಾತು ಈಶ್ವರ ಬರ ಅಂತ ನೆನೆಯುತ್ತಾರೆ. ಮುಂಬೈ ಕರ್ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸತ್ತದ್ದು ಕಲಾದಗಿ ಜಿಲ್ಲೆ, ಅಂದರೆ ಈಗಿನ ವಿಜಯಪುರ ಬಾಗಲಕೋಟೆ ಸೀಮೆ. ಧಾರವಾಡ ಜಿಲ್ಲೆಯ ಮೂಡಣದ ಎರೆ ತಾಲೂಕುಗಳೂ ಒಣಗಿದವು. ಆಗ ಗದಗಿಗೆ ರೈಲು ಬಂದಿದ್ದಿಲ್ಲ. ಹತ್ತಿ ಇಳಿಸಿದ ಘಟ್ಟದ ದಾರಿಯಲ್ಲೇ ಬಂದರಿನಿಂದ ಕಾಳು ಮೇಲಕ್ಕೆ ಬರಬೇಕು, ಎಳೆಯುವ ಎತ್ತುಗಳಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಬರಗಾಲದ ಕೆಲಸಕ್ಕೆ ಬಂದವರ ಕೂಲಿಯನ್ನು 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿಯ ಸಲಹೆಯಂತೆ ಇಳಿಸಿದರು. ದಿನವಿಡೀ ಜಲ್ಲಿ ಒಡೆದು ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಕಾಳು, ಮೇಲೆ ಅರ್ಧ ಆಣೆ. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮನೆಯಲ್ಲಿ ಜೋಳ ಅಳೆದು ನೋಡಿದೆ. ಬೋಗುಣಿಯ ತಳ ಮುಚ್ಚಿತು, ಅಷ್ಟೆ.

ನಮ್ಮ ಗಂಟಿನಲ್ಲಿ ನಾಲ್ಕನೇ ಪತ್ರ ಇಲ್ಲ. ಹೊಲ ಹೋದ ಮೇಲೆ ಪತ್ರ ಯಾಕೆ ಬೇಕು?

ಬರಕ್ಕೂ ಒಂದು ವರ್ಷ ಮುಂಚೆ, 1875ರ ಮೇ 12ರಂದು, ಪುಣೆ ಜಿಲ್ಲೆಯ ಸುಪಾ ಅನ್ನುವ ಊರಿನ ಸಂತೆಯಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿದ್ದರು. ಅಲ್ಲಿಂದ ಪುಣೆ, ಅಹಮದನಗರ ಜಿಲ್ಲೆಗಳ ಊರೂರಿಗೆ ಅದು ಹಬ್ಬಿತು. ಅವರು ಹೆಚ್ಚಾಗಿ ಹುಡುಕಿದ್ದು ರೊಕ್ಕವನ್ನಲ್ಲ, ಕಾಗದವನ್ನು. ಸಾಲಪತ್ರ, ಡಿಕ್ರಿ, ಗಹಾಣ ಪತ್ರಗಳನ್ನು ತಂದು ಬೀದಿಯಲ್ಲಿ ಸುಟ್ಟರು. ನಾನು ಇದನ್ನು ಮೊದಲು ಓದಿದಾಗ ಟ್ರಂಕಿನಲ್ಲಿದ್ದ ನಮ್ಮ ಮೂರು ಕಾಗದ ಹೊರತೆಗೆದು ಎದುರಿಗಿಟ್ಟುಕೊಂಡು ಕೂತೆ. ಓದಲು ಬರದವನಿಗೆ ಕಾಗದ ಅಂದರೆ ಏನು ಅನ್ನುವುದು ಆಗ ಮೈಗೆ ಹತ್ತಿತು.

ಆ ಗಲಭೆಯ ಮೇಲೆ ಸರಕಾರ ಆಯೋಗ ನೇಮಿಸಿತು. ಮದುವೆ, ಹಬ್ಬದ ದುಂದಿನಿಂದಲೇ ರೈತ ಸಾಲಗಾರನಾದ ಅನ್ನುವ ಮಾತಿಗೆ ಸಲ್ಲದ ಮಹತ್ವ ಕೊಡಲಾಗಿದೆ ಅಂತ ಆ ಆಯೋಗವೇ ಬರೆಯಿತು. ಬಿತ್ತಿಗೆ, ಎತ್ತಿಗೆ, ಹೊಟ್ಟೆಗೆ, ಕಂದಾಯಕ್ಕೆ ಅಂತ ತಂದ ಚಿಲ್ಲರೆ ಸಾಲಗಳೇ ಬಡ್ಡಿಯಿಂದ ಬೆಟ್ಟವಾಗುತ್ತಿದ್ದವು. ಆದರೆ ಆ ವರದಿ ನಮ್ಮಮ್ಮನ ತನಕ ಬರಲಿಲ್ಲ. ಅವಳ ತನಕ ಬಂದದ್ದು ಕಚೇರಿಯಲ್ಲೂ ಕಟ್ಟೆಯಲ್ಲೂ ಎಲ್ಲರೂ ಆಡಿದ ಆ ಹಳೇ ಮಾತು. ಹಿರ್ಯಾರು ಮದುವಿ ಜೋರ ಮಾಡಿರಬೇಕು. ಹೊಲ ಹೋದ ನೋವಿಗಿಂತ ಇದು ನನಗೆ ಹೆಚ್ಚು ಸಂಕಟ ಕೊಡುತ್ತದೆ. ಹೊಲವನ್ನೂ ಕಳೆದುಕೊಂಡು, ಕಳೆದುಕೊಂಡ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಂಡು ನಾಲ್ಕು ತಲೆಮಾರು ಬದುಕಿತು.

1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯದೆ ಬಂತು. ಕೋರ್ಟು ಇನ್ನು ಮೇಲೆ ಕಾಗದದ ಮೊತ್ತ ಮಾತ್ರ ನೋಡದೆ, ಆ ಸಾಲ ಮೊದಲು ಎಷ್ಟಿತ್ತು, ಹೇಗೆ ಬೆಳೆಯಿತು ಅಂತ ಹಿಂದಕ್ಕೆ ಹೋಗಿ ಕೆದಕಬೇಕು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ. ಮೂರು ವರ್ಷದ ಗಡುವನ್ನೂ ಉದ್ದ ಮಾಡಿದರು. ನಮ್ಮ ಹಿರಿಯನಿಗೆ ಬೇಕಿದ್ದದ್ದು ಇದೇ. ಆದರೆ ಕಾಯದೆ ಮೊದಲು ಜಾರಿಯಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಕನ್ನಡದ ಜಿಲ್ಲೆಗಳು ಅದಕ್ಕಾಗಿ ಮುಂದಿನ ಶತಮಾನದವರೆಗೂ ಕಾಯಬೇಕಾಯಿತು. ಬೆಂಕಿ ಹಚ್ಚಿದ ಸೀಮೆಗೆ ಕಾಯದೆ ಬಂತು. ಸುಮ್ಮನೆ ಸಹಿಸಿದ ಸೀಮೆಗೆ ತಡವಾಗಿ ಬಂತು.

ನಮ್ಮ ನೆಲದಲ್ಲಿ ಹುಟ್ಟಿದ ಉತ್ತರ ಬೇರೆ. ಗದಗ ತಾಲೂಕಿನ ಕಣಗಿನಹಾಳಕ್ಕೆ ನಾನು ಎರಡು ಸಲ ಹೋಗಿದ್ದೇನೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ, 1905ರ ಮೇ 8ರಂದು, ಅಲ್ಲಿಯ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಅದನ್ನು ಕರೆಯುತ್ತಾರೆ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಊರ ಸಂಘಗಳಿಗೆ ಆ ಕಾಯದೆ ಇಟ್ಟಿದ್ದ ನಿಯಮ ಅಪರಿಮಿತ ಹೊಣೆ. ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲ ಅದಕ್ಕೆ ಜವಾಬು. ಓದಲು ಬರದವನ ಕಾಗದಕ್ಕೆ ಊರೇ ಸಾಕ್ಷಿ, ಊರೇ ಜಾಮೀನು. ಬಾಗಿಲ ಮೇಲಿನ ಹೆಸರನ್ನು ಕನ್ನಡದಲ್ಲಿ ಓದುತ್ತ ನಿಂತಾಗ ನನಗೆ ಕಣ್ಣು ತುಂಬಿ ಬಂದವು.

ಆದರೂ ಆ ದೀಪದ ಬೆಳಕು ಎಷ್ಟು ದೂರ ಹೋಯಿತು ಅನ್ನುವುದನ್ನೂ ಹೇಳಬೇಕು. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ಇಡೀ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ನಡೆಯಿತು. ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3.1. ಸಾವಕಾರರದ್ದು ಶೇಕಡಾ 70ರ ಆಸುಪಾಸು. ಕಣಗಿನಹಾಳದ ಸಂಘಕ್ಕೆ ಆಗ 46 ವರ್ಷ ತುಂಬಿತ್ತು.

ಮೋಡಿ ಓದಿದ ಹಿರಿಯರು ಕಾಗದ ಮಡಿಚಿ ಕೊಡುವ ಮುಂಚೆ ಕೆಳಗಿನ ಮೂಲೆಗೆ ಬೆರಳಿಟ್ಟು ತೋರಿಸಿದರು. "ಇದು ನಿಮ್ಮ ಹಿರೇರ ಸಹಿ." ಅಕ್ಷರವಲ್ಲ, ನೇಗಿಲಿನ ಚಿತ್ರ. ಒಕ್ಕಲುತನ ಮಾಡುವವರು ಹಾಗೆ ಗುರುತು ಹಾಕುತ್ತಿದ್ದರಂತೆ. 1867ರ ಕಾಗದದಲ್ಲಿ ಮೇಣಿ, ಈಸು, ಗುಳ ಎಲ್ಲ ಬಿಡಿಸಿ ಬರೆದಿದ್ದ, ದಿನವೂ ಕೈಯಲ್ಲಿ ಹಿಡಿದವನು ಬರೆದಂತೆ. 1873ರದರಲ್ಲಿ ಎರಡೇ ಗೆರೆ.

ಹೋದ ಪುಷ್ಯಮಾಸದಲ್ಲಿ ಸರ್ವೇ ನಂಬರು ಹಿಡಿದು ಬನ್ನಿಗಿಡದ ಹೊಲಕ್ಕೆ ಹೋದೆ. ಗಿಡ ಈಗಿಲ್ಲ. ಕಡಲೆ ಹಾಕಿದ್ದರು. ಹೊಲದ ಯಜಮಾನ ನನಗಿಂತ ಚಿಕ್ಕವನು, ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ. ಯಾಕೆ ಬಂದೆ ಅಂತ ಹೇಳಿದೆ. ಒಂದು ಗಳಿಗೆ ಅವನ ಮುಖ ಬಿಗಿಯಿತು, ಹಕ್ಕು ಕೇಳಲು ಬಂದೆನೇನೋ ಅಂತ. ಕಾಗದದ ಫೋಟೋ ಮೊಬೈಲಿನಲ್ಲಿ ತೋರಿಸಿ, ನೇಗಿಲಿನ ಗುರುತು ದೊಡ್ಡದು ಮಾಡಿ ತೋರಿಸಿದ ಮೇಲೆ ಸಡಿಲಾದ. ಬಹಳ ಹೊತ್ತು ಅದನ್ನೇ ನೋಡಿದ.

"ನಮ್ದೂ ಉತಾರದಾಗ ಬೋಜಾ ಐತ್ರೀ ಅಣ್ಣಾರ" ಅಂದ. "ಹನ್ನೊಂದನೇ ಕಾಲಂ ತುಂಬಿ ಹೋಗೇತಿ. ಹೋದ ವರ್ಷ ಮಳಿ ಆಗ್ಲಿಲ್ಲ, ಬ್ಯಾಂಕಿನ ಸಾಲಾ ಹೊಸದು ಮಾಡಿಸಿ ಬಂದೇನಿ." ಉತಾರವೆಂದರೆ ಪಹಣಿ, ಬೋಜಾ ಅಂದರೆ ಅದರಲ್ಲಿ ದಾಖಲಾದ ಸಾಲದ ಭಾರ. ಹೊಸದು ಮಾಡಿಸುವುದೆಂದರೆ ಹಳೇ ಅಸಲು, ಅದರ ಮೇಲಿನ ಬಡ್ಡಿ ಕೂಡಿಸಿ ಮತ್ತೊಂದು ಕಾಗದಕ್ಕೆ ಸಹಿ. ಅವನಿಗೆ ಓದಲು ಬರುತ್ತದೆ. ಸಹಿ ಕನ್ನಡದಲ್ಲೇ ಮಾಡುತ್ತಾನಂತೆ.

ಹೊರಡುವಾಗ ಎದ್ದು ಹೋಗಿ ಒಂದು ಹಿಡಿ ಸುಲಗಾಯಿ ಕಿತ್ತು ತಂದು ಕೈಗಿಟ್ಟ. "ತಿನ್ಕೋತ ಹೋಗ್ರಿ, ನಿಮ್ಮ ಹೊಲದ್ದು." ಗದಗಿನ ಬಸ್ಸು ಹತ್ತುವವರೆಗೂ ಬೆರಳ ತುದಿಯಲ್ಲಿ ಕಡಲೆಗಿಡದ ಹುಳಿ ಅಂಟಿಕೊಂಡೇ ಇತ್ತು.